ಪಿತ್ತಕೋಶದ ಗಡ್ಡೆ: ಸ್ಕ್ಯಾನಿಂಗ್‌ನಿಂದ ಚಿಕಿತ್ಸೆಯವರೆಗೆ ಯಾವುದು ಮೊದಲು, ಯಾವುದು ಆಮೇಲೆ

ಪಿತ್ತಕೋಶದ ಕಲ್ಲಿನ ಮಾತು ಬಂದಾಗಲೆಲ್ಲ ಓದುಗರಿಂದ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಂದು, "ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದೊಳಗೆ ಪಾಲಿಪ್ ಅಂತ ಬರೆದಿದ್ದಾರೆ, ಕ್ಯಾನ್ಸರಾ?" ಇನ್ನೊಂದು, "ಕಲ್ಲಿಗೆ ಅಂತ ಆಪರೇಷನ್ ಮಾಡಿಸಿದೆವು, ಈಗ ಬಯಾಪ್ಸಿಯಲ್ಲಿ ಏನೋ ಬಂದಿದೆಯಂತೆ, ಮುಂದೇನು?" ಮೊದಲನೆಯದಕ್ಕೆ ಹೆಚ್ಚಿನ ಸಲ ಉತ್ತರ "ಅಲ್ಲ" ಎಂದೇ. ಎರಡನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಪಿತ್ತಕೋಶದ ಕ್ಯಾನ್ಸರ್ ನಮ್ಮ ದೇಶದಲ್ಲಿ ಗಂಗಾ ಬಯಲಿನ ಕಡೆ, ಅಂದರೆ ಉತ್ತರ ಪ್ರದೇಶ, ಬಿಹಾರದಲ್ಲಿ ಜಾಸ್ತಿ. ದಕ್ಷಿಣದಲ್ಲಿ ಕಡಿಮೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮಂಗಳೂರು, ಉಡುಪಿ ಕಡೆ ಅಪರೂಪವಾಗಿರುವುದು ಒಳ್ಳೆಯದೇ. ಆದರೆ ಅಪರೂಪ ಆದ್ದರಿಂದಲೇ ಮನೆಯವರಿಗೆ ದಾರಿ ಗೊತ್ತಿರುವುದಿಲ್ಲ. ಈ ಕಾಯಿಲೆಯಲ್ಲಿ ಯಾವ ಪರೀಕ್ಷೆ ಮಾಡಿಸಿದಿರಿ ಎನ್ನುವಷ್ಟೇ ಮುಖ್ಯ, ಯಾವುದನ್ನು ಯಾವುದಕ್ಕಿಂತ ಮೊದಲು ಮಾಡಿಸಿದಿರಿ ಎನ್ನುವುದು. ಹಾಗಾಗಿ ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಚಿಕಿತ್ಸೆ ತೀರ್ಮಾನಿಸುವವರು ನಿಮ್ಮ ಡಾಕ್ಟರೇ. ಅವರ ಎದುರು ಕೂತಾಗ ಏನು ಕೇಳಬೇಕು ಎಂದು ನಿಮಗೆ ಗೊತ್ತಿದ್ದರೆ ಸಾಕು.

ಮೊದಲು ಕೈಯಲ್ಲಿ ಏನೇನು ಇರಬೇಕು

ಒಂದು ಫೈಲ್ ಮಾಡಿ. ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್, ಸಿ.ಟಿ. ಅಥವಾ ಎಂ.ಆರ್.ಐ. ಆಗಿದ್ದರೆ ಅದರ ಸಿ.ಡಿ., ರಕ್ತ ಪರೀಕ್ಷೆಗಳು, ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್. ಡಿಸ್ಚಾರ್ಜ್ ಸಮ್ಮರಿ ಎಲ್ಲರ ಹತ್ತಿರವೂ ಇರುತ್ತದೆ. ಆಪರೇಷನ್ ನೋಟ್ಸ್ ಮಾತ್ರ ಕೇಳಿ ಪಡೆಯಬೇಕು. ಪಿತ್ತಕೋಶದ ಚೀಲ ಒಡೆಯಿತೇ, ಪಿತ್ತರಸ ಹೊಟ್ಟೆಯೊಳಗೆ ಚೆಲ್ಲಿತೇ ಎನ್ನುವುದು ಅದರಲ್ಲೇ ಇರುವುದು. ಜೊತೆಗೆ ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಇಟ್ಟುಕೊಳ್ಳಿ.

1. ಲಕ್ಷಣಗಳನ್ನು "ಗ್ಯಾಸ್ಟ್ರಿಕ್" ಎಂದು ತಳ್ಳಿಹಾಕುವ ಮೊದಲು

ಪಿತ್ತಕೋಶ ಅಂದರೆ ಲಿವರ್‌ನ ಕೆಳಗೆ, ಬಲಗಡೆ ಅಂಟಿಕೊಂಡಿರುವ ಸಣ್ಣ ಚೀಲ. ಲಿವರ್ ತಯಾರಿಸುವ ಪಿತ್ತರಸವನ್ನು 30ರಿಂದ 50 ಮಿ.ಲೀ. ಹಿಡಿದಿಟ್ಟು, ನಾವು ಊಟ ಮಾಡಿದಾಗ ಕರುಳಿಗೆ ಬಿಡುತ್ತದೆ. ಇಲ್ಲಿ ಗಡ್ಡೆ ಬೆಳೆದರೂ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಗೊತ್ತಾದರೂ ಕಲ್ಲಿನ ಲಕ್ಷಣದ ಹಾಗೆಯೇ ಇರುತ್ತದೆ: ಬಲ ಪಕ್ಕೆಲುಬಿನ ಕೆಳಗೆ ನೋವು, ಊಟ ಆದ ಮೇಲೆ ಹೊಟ್ಟೆ ಉಬ್ಬರ, ವಾಕರಿಕೆ.

ಮೊದಲು ಬಂದು ಹೋಗುತ್ತಿದ್ದ ನೋವು ಈಗ ಬಿಡದೆ ಕಾಡುತ್ತಿದೆಯೇ? ತೂಕ ಸುಮ್ನೆ ಇಳಿಯುತ್ತಿದೆಯೇ? ಕಣ್ಣು ಹಳದಿ, ಮೂತ್ರ ಗಾಢ, ಮಲ ಬಿಳಿಚು, ಮೈಯೆಲ್ಲ ತುರಿಕೆ ಇದೆಯೇ? ಹಾಗಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿ ಸ್ಕ್ಯಾನಿಂಗ್ ಮಾಡಿಸಿ.

ನಮ್ಮ ಕಡೆ ಜನ ದೊಡ್ಡದಾಗಿ ಎಡವುವುದು ಇಲ್ಲೇ. ಕಣ್ಣು ಹಳದಿಯಾದ ಕೂಡಲೇ ಕಾಮಾಲೆಗೆ ಎಂದು ನಾಟಿ ಮದ್ದು, ಉಪ್ಪಿಲ್ಲದ ಗಂಜಿ ಶುರುವಾಗುತ್ತದೆ. ವೈರಸ್‌ನಿಂದ ಬಂದ ಕಾಮಾಲೆ ಬಹಳಷ್ಟು ಜನರಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಪಿತ್ತನಾಳ ಕಟ್ಟಿಕೊಂಡು ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ. ಎರಡಕ್ಕೂ ವ್ಯತ್ಯಾಸ ತಿಳಿಯಲು ಒಂದು ಲಿವರ್ ಫಂಕ್ಷನ್ ಟೆಸ್ಟ್, ಒಂದು ಅಲ್ಟ್ರಾಸೌಂಡ್ ಸಾಕು. ಮದ್ದು ಕೊಡುವವರ ಮೇಲೆ ನಂಬಿಕೆ ಇದ್ದರೆ ಇರಲಿ, ಈ ಎರಡನ್ನು ಮಾತ್ರ ಮೊದಲು ಮಾಡಿಸಿ.

2. ಅಲ್ಟ್ರಾಸೌಂಡ್: ಪಾಲಿಪ್ ಎಂದರೆ ಹೆದರಬೇಡಿ, ಅಳತೆ ನೋಡಿ

ಸ್ಕ್ಯಾನಿಂಗ್‌ಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಬೆಳಿಗ್ಗೆ ಒಂದು ಲೋಟ ಹಾಲು ಹಾಕಿದ ಚಾ ಕುಡಿದರೂ ಪಿತ್ತಕೋಶ ಮುದುಡಿ, ಗೋಡೆ ದಪ್ಪಗೆ ಕಾಣುತ್ತದೆ. "ಗೋಡೆ ದಪ್ಪ" ಎಂದು ರಿಪೋರ್ಟ್ ಬಂದು ಮನೆಯವರೆಲ್ಲ ಕಂಗಾಲಾದ ಮೇಲೆ, ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡಿದಾಗ ಏನೂ ಇಲ್ಲದಿರುವುದು ಉಂಟು.

ಪಾಲಿಪ್ ಎಂದರೆ ಗೋಡೆಯಿಂದ ಒಳಗೆ ಚಾಚಿಕೊಂಡ ಸಣ್ಣ ಗುಳ್ಳೆಯಂಥದ್ದು. ಇವುಗಳಲ್ಲಿ ಬಹುಪಾಲು ಕೊಲೆಸ್ಟರಾಲ್ ಪಾಲಿಪ್‌ಗಳು. ಅವು ಗಡ್ಡೆಯೇ ಅಲ್ಲ, ಕ್ಯಾನ್ಸರ್ ಆಗುವುದೂ ಇಲ್ಲ. ಡಾಕ್ಟರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಹೀಗಿದೆ:

10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಾದರೆ ಪಿತ್ತಕೋಶ ತೆಗೆಸುವುದು ಒಳ್ಳೆಯದು. 6ರಿಂದ 9 ಮಿ.ಮೀ. ಇದ್ದು ಅಪಾಯ ಹೆಚ್ಚಿಸುವ ಬೇರೆ ಕಾರಣವೂ ಇದ್ದರೆ ಆಗಲೂ ತೆಗೆಸಲು ಹೇಳುತ್ತಾರೆ. ವಯಸ್ಸು 60 ದಾಟಿರುವುದು, ಪಾಲಿಪ್‌ಗೆ ತೊಟ್ಟಿಲ್ಲದೆ ಗೋಡೆಗೆ ಅಗಲವಾಗಿ ಕೂತಿರುವುದು, ಅಲ್ಲಿ ಗೋಡೆ 4 ಮಿ.ಮೀ.ಗಿಂತ ದಪ್ಪ ಇರುವುದು, ಇವೆಲ್ಲ ಅಂಥ ಕಾರಣಗಳು. ಯುರೋಪಿನ ತಜ್ಞರ ಪಟ್ಟಿಯಲ್ಲಿ ಏಷ್ಯಾ ಮೂಲದವರಾಗಿರುವುದೂ ಒಂದು ಕಾರಣ, ಅಂದರೆ ನಾವೆಲ್ಲ ಆ ಪಟ್ಟಿಯಲ್ಲಿದ್ದೇವೆ. 6 ಮಿ.ಮೀ.ಗಿಂತ ಚಿಕ್ಕದಾದರೆ 6 ತಿಂಗಳು, 1 ವರ್ಷ, 2 ವರ್ಷಕ್ಕೆ ಸ್ಕ್ಯಾನ್ ಮಾಡಿ ಬೆಳೆಯುತ್ತಿದೆಯೇ ಎಂದು ನೋಡುತ್ತಾರೆ.

ಮರುಸ್ಕ್ಯಾನ್ ಆದಷ್ಟು ಒಂದೇ ಕಡೆ ಮಾಡಿಸಿ, ಹಳೆ ರಿಪೋರ್ಟ್ ಕೈಯಲ್ಲಿರಲಿ. ಒಂದು ಸೆಂಟರ್‌ನಲ್ಲಿ 5, ಇನ್ನೊಂದರಲ್ಲಿ 7 ಎಂದು ಬಂದರೆ ಅದು ಬೆಳೆದದ್ದೋ ಅಳೆದವರ ಕೈ ಬೇರೆಯಾದದ್ದೋ ಹೇಳುವುದು ಕಷ್ಟ.

ಪಾಲಿಪ್ ಅಲ್ಲದೆ ಗಡ್ಡೆ ಎಂದೇ ಬರೆದಿದ್ದರೆ, ಗೋಡೆ ಒಂದು ಕಡೆ ಮಾತ್ರ ದಪ್ಪಗಾಗಿದ್ದರೆ, ಕಲ್ಲು 3 ಸೆಂ.ಮೀ.ಗಿಂತ ದೊಡ್ಡದಿದ್ದರೆ ಅಥವಾ ಗೋಡೆಯಲ್ಲಿ ಸುಣ್ಣ ಕಟ್ಟಿದೆ ಎಂದಿದ್ದರೆ, ಸಾಮಾನ್ಯ ಕಲ್ಲಿನ ಆಪರೇಷನ್‌ಗೆ ದಿನ ಗೊತ್ತು ಮಾಡುವ ಮೊದಲು ಮುಂದಿನ ಹಂತಕ್ಕೆ ಹೋಗಬೇಕು.

3. ಸಿ.ಟಿ. ಮತ್ತು ಎಂ.ಆರ್.ಐ.: ಸ್ಟೆಂಟ್‌ಗಿಂತ ಮೊದಲು

ಅಲ್ಟ್ರಾಸೌಂಡ್ ಅನುಮಾನ ಹುಟ್ಟಿಸುತ್ತದೆ, ಅಷ್ಟೇ. ಗಡ್ಡೆ ಲಿವರ್‌ಗೆ ಹೋಗಿದೆಯೇ, ರಕ್ತನಾಳಕ್ಕೆ ತಾಗಿದೆಯೇ, ದುಗ್ಧಗ್ರಂಥಿ (ಡಾಕ್ಟರುಗಳು ಲಿಂಫ್ ನೋಡ್ ಅನ್ನುತ್ತಾರೆ) ಊದಿದೆಯೇ ಎಂದು ತಿಳಿಯಲು ಔಷಧಿ ಚುಚ್ಚಿ ಮಾಡುವ ಕಾಂಟ್ರಾಸ್ಟ್ ಸಿ.ಟಿ. ಬೇಕು. ಕಾಮಾಲೆ ಇದ್ದರೆ ಎಂ.ಆರ್.ಸಿ.ಪಿ. ಕೂಡ ಮಾಡುತ್ತಾರೆ. ಇದು ಪಿತ್ತನಾಳಗಳನ್ನು ಸ್ಪಷ್ಟವಾಗಿ ತೋರಿಸುವ ಎಂ.ಆರ್.ಐ.

ಈಗ ಕ್ರಮದ ವಿಷಯ. ಕಾಮಾಲೆ ಏರಿದ್ದರೆ ಬಾಯಿಯ ಮೂಲಕ ಕೊಳವೆ ಹಾಕಿ ಪಿತ್ತನಾಳದಲ್ಲಿ ಸ್ಟೆಂಟ್, ಅಂದರೆ ಕಟ್ಟಿಕೊಂಡ ನಾಳವನ್ನು ತೆರೆದಿಡುವ ಸಣ್ಣ ನಳಿಕೆ, ಇಡುತ್ತಾರೆ. ಇದಕ್ಕೆ ಇ.ಆರ್.ಸಿ.ಪಿ. ಎಂದು ಹೆಸರು. ಸ್ಟೆಂಟ್ ಕೂತ ಮೇಲೆ ಸ್ಕ್ಯಾನ್ ಮಾಡಿದರೆ ಅದರ ನೆರಳು, ಅದರಿಂದಾದ ಊತ ಎಲ್ಲ ಸೇರಿ ಗಡ್ಡೆ ಎಲ್ಲಿಯವರೆಗಿದೆ ಎನ್ನುವುದು ಮಸುಕಾಗುತ್ತದೆ. ಹಾಗಾಗಿ ಚಳಿಜ್ವರ, ರಕ್ತದೊತ್ತಡ ಕುಸಿಯುವಂಥ ತುರ್ತು ಇಲ್ಲದಿದ್ದರೆ ಸಿ.ಟಿ., ಎಂ.ಆರ್.ಸಿ.ಪಿ. ಮೊದಲು, ಸ್ಟೆಂಟ್ ಆಮೇಲೆ. "ಸಾರ್, ಸ್ಟೆಂಟ್‌ಗೆ ಮೊದಲೇ ಸ್ಕ್ಯಾನ್ ಮಾಡಿಸಬಹುದಾ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ರಕ್ತದಲ್ಲಿ ಸಿಎ 19-9 ಮತ್ತು ಸಿಇಎ ನೋಡುತ್ತಾರೆ. ಕ್ಯಾನ್ಸರ್ ಇದ್ದಾಗ ಏರಬಹುದಾದ ವಸ್ತುಗಳಿವು, ಅದಕ್ಕೇ ಟ್ಯೂಮರ್ ಮಾರ್ಕರ್ ಎಂದು ಹೆಸರು. ಹೆಸರು ನೋಡಿ ಗಾಬರಿ ಬೇಡ. ಕಾಮಾಲೆ ಇದ್ದರೆ ಕ್ಯಾನ್ಸರ್ ಇಲ್ಲದೆಯೂ ಸಿಎ 19-9 ಏರುತ್ತದೆ. ಇನ್ನು ಕೆಲವರ ದೇಹ ಹುಟ್ಟಿನಿಂದಲೇ ಅದನ್ನು ತಯಾರಿಸುವುದಿಲ್ಲ, ಅವರಲ್ಲಿ ಕಾಯಿಲೆ ಇದ್ದರೂ ಏರುವುದಿಲ್ಲ. ಕಾಮಾಲೆ ಇಳಿದ ಮೇಲೆ ಮತ್ತೊಮ್ಮೆ ಮಾಡಿಸಿದ ಸಂಖ್ಯೆಗೆ ಬೆಲೆ ಹೆಚ್ಚು.

ಕ್ಯಾನ್ಸರ್‌ನ ವೇಷ ಹಾಕುವ ಎರಡು ಕಾಯಿಲೆಗಳ ಹೆಸರೂ ತಿಳಿದಿರಲಿ. ಒಂದು ಅಡಿನೋಮಯೋಮಟೋಸಿಸ್, ಗೋಡೆಯ ಪದರಗಳು ಬೆಳೆದು ದಪ್ಪವಾಗುವುದು, ಅಪಾಯ ಇಲ್ಲ. ಇನ್ನೊಂದು ಕ್ಸಾಂತೋಗ್ರಾನ್ಯುಲೋಮಟಸ್ ಕೊಲೆಸಿಸ್ಟೈಟಿಸ್, ಬಹಳ ಕಾಲದ ಉರಿಯೂತದಿಂದ ಗೋಡೆ ಗಟ್ಟಿಯಾಗಿ ಲಿವರ್‌ಗೆ ಅಂಟುವುದು. ಇದು ಸಿ.ಟಿ.ಯಲ್ಲಿ ಮಾತ್ರವಲ್ಲ, ಹೊಟ್ಟೆ ತೆರೆದು ನೋಡಿದಾಗಲೂ ಅನುಭವಿ ಸರ್ಜನ್‌ಗೆ ಕ್ಯಾನ್ಸರ್‌ನಂತೆಯೇ ಕಾಣಬಹುದು.

4. ಸೂಜಿ ಚುಚ್ಚುವ ಮೊದಲು ಸರ್ಜನ್ ನೋಡಲಿ

"ಮೊದಲು ಬಯಾಪ್ಸಿ ಮಾಡಿ ಖಚಿತ ಮಾಡಿಕೊಳ್ಳಬಾರದಾ?" ಎಂದು ಎಲ್ಲರೂ ಕೇಳುತ್ತಾರೆ. ಬೇರೆ ಹಲವು ಕ್ಯಾನ್ಸರ್‌ಗಳಲ್ಲಿ ಹಾಗೆಯೇ ಮಾಡುತ್ತಾರೆ. ಇಲ್ಲಿ ಹಾಗಲ್ಲ. ಆಪರೇಷನ್ ಮಾಡಿ ಪೂರ್ತಿ ತೆಗೆಯಬಹುದಾದ ಗಡ್ಡೆಗೆ ಹೊಟ್ಟೆಯ ಹೊರಗಿನಿಂದ ಸೂಜಿ ಹಾಕಿದರೆ ಜೀವಕೋಶಗಳು ಸೂಜಿಯ ದಾರಿಯಲ್ಲಿ, ಹೊಟ್ಟೆಯ ಪೊರೆಯಲ್ಲಿ ಬಿತ್ತಿಹೋಗುವ ಅಪಾಯ ಇದೆ. ಅದಕ್ಕೇ ತೆಗೆಯಬಹುದೋ ಇಲ್ಲವೋ ಎಂದು ಮೊದಲು ಸರ್ಜನ್ ನೋಡಿ ಹೇಳಬೇಕು. ಆಪರೇಷನ್ ಸಾಧ್ಯವಿಲ್ಲ, ಔಷಧಿಯೇ ದಾರಿ ಎಂದಾದರೆ ಆಗ ಸೂಜಿ ಬಯಾಪ್ಸಿ ಬೇಕೇ ಬೇಕು. ಬಯಾಪ್ಸಿ ಇಲ್ಲದೆ ಕೀಮೋ ಶುರು ಮಾಡಬಾರದು.

ಯಾವ ಸರ್ಜನ್? ಜಿ.ಐ. ಸರ್ಜನ್ (ಹೊಟ್ಟೆ, ಕರುಳಿನ ಆಪರೇಷನ್ ಮಾಡುವವರು) ಅಥವಾ ಸರ್ಜಿಕಲ್ ಆಂಕಾಲಜಿಸ್ಟ್ (ಕ್ಯಾನ್ಸರ್ ಆಪರೇಷನ್ ಮಾಡುವವರು), ಅದರಲ್ಲೂ ಲಿವರ್ ಆಪರೇಷನ್ ಮಾಡುವ ಅಭ್ಯಾಸ ಇರುವವರು. ಅನುಮಾನ ಇರುವ ಪಿತ್ತಕೋಶವನ್ನು ಸಾಮಾನ್ಯ ಕಲ್ಲಿನಂತೆ ತೂತು ಮಾಡಿ ತೆಗೆಯಲು ಹೋಗಿ ಚೀಲ ಒಡೆದರೆ, ಮುಂದಿನ ಚಿಕಿತ್ಸೆಯ ಫಲವೇ ಕುಗ್ಗುತ್ತದೆ.

5. ಕಲ್ಲಿನ ಬಾಟಲಿ ಅಲ್ಲ, ಚೀಲದ ರಿಪೋರ್ಟ್ ಕೇಳಿ

ಪಿತ್ತಕೋಶದ ಕ್ಯಾನ್ಸರ್ ಆರಂಭದ ಹಂತದಲ್ಲಿ ಸಿಗುವುದು ಹೆಚ್ಚಾಗಿ ಆಕಸ್ಮಿಕವಾಗಿ, ಕಲ್ಲಿಗೆಂದು ತೆಗೆದ ಚೀಲವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ.

ಆಪರೇಷನ್ ಮುಗಿದ ಮೇಲೆ ಥಿಯೇಟರ್ ಬಾಗಿಲಿಗೆ ಬಂದು ಒಂದು ಸಣ್ಣ ಬಾಟಲಿ ಕೊಡುತ್ತಾರೆ. ಒಳಗೆ ಹಸಿರು ಕಪ್ಪು ಕಲ್ಲುಗಳು. ನೋಡಲು ಬಂದ ನೆಂಟರಿಗೆಲ್ಲ ಅದನ್ನು ಕುಲುಕಿ ತೋರಿಸುವುದು, ಎಷ್ಟು ಕಲ್ಲು ಎಂದು ಎಣಿಸುವುದು ನಡೆಯುತ್ತದೆ. ಆ ಕಲ್ಲು ಇದ್ದ ಚೀಲ ಎಲ್ಲಿ ಹೋಯಿತು ಎಂದು ಕೇಳುವವರು ಕಡಿಮೆ. ಕೇಳಿ. ಪಿತ್ತಕೋಶ ತೆಗೆದ ಮೇಲೆ ಅದು ಬಯಾಪ್ಸಿಗೆ ಹೋಗಲೇಬೇಕು, ಖರ್ಚು ಉಳಿಸಲು ಇದನ್ನು ಬಿಡಬೇಡಿ. ಹೊರಗಿನ ಲ್ಯಾಬ್‌ಗೆ ನೀವೇ ಒಯ್ಯಬೇಕಾದರೆ ಡಬ್ಬಿಯಲ್ಲಿ ಚೀಲ ಮುಳುಗುವಷ್ಟು ಫಾರ್ಮಾಲಿನ್ ಇದೆಯೇ ಎಂದು ನೋಡಿ. ನೀರಿನಲ್ಲೋ ಸಲೈನ್‌ನಲ್ಲೋ ಇಟ್ಟರೆ ಚೀಲ ಕೊಳೆತು ಪರೀಕ್ಷೆ ಕೆಡುತ್ತದೆ.

ಹೊಲಿಗೆ ಬಿಚ್ಚಲು ಹೋದ ದಿನ "ಬಯಾಪ್ಸಿ ಬಂತಾ?" ಎಂದು ಕೇಳಿ, ಕಾಗದ ಕೈಗೆ ತೆಗೆದುಕೊಳ್ಳಿ. "ಬಂದಿದೆ, ನಾರ್ಮಲ್" ಎಂದು ಬಾಯಲ್ಲಿ ಹೇಳಿದರೆ ಸಾಲದು. ಗಡ್ಡೆ ಇದ್ದರೆ ರಿಪೋರ್ಟ್‌ನಲ್ಲಿ ಇಷ್ಟು ಇರಬೇಕು: ಗಡ್ಡೆಯ ವಿಧ, ಗೋಡೆಯಲ್ಲಿ ಎಷ್ಟು ಆಳ ಹೋಗಿದೆ, ಲಿವರ್ ಕಡೆಯ ಗೋಡೆಯೋ ಹೊಟ್ಟೆಯ ಕಡೆಯದೋ, ಕತ್ತರಿಸಿದ ನಾಳದ ತುದಿಯಲ್ಲಿ ಕಾಯಿಲೆ ಉಳಿದಿದೆಯೇ, ಜೊತೆಗೆ ಬಂದ ದುಗ್ಧಗ್ರಂಥಿಯಲ್ಲಿ ಏನಾದರೂ ಇದೆಯೇ. ಯಾವುದಾದರೂ ಬಿಟ್ಟುಹೋಗಿದ್ದರೆ ಲ್ಯಾಬ್‌ನವರಿಗೆ ಹೇಳಿ ಸೇರಿಸಿ ಕೊಡಲು ಕೇಳಬಹುದು.

6. ಯಾವ ಗಡ್ಡೆ? ಇನ್ನೊಬ್ಬ ಪೆಥಾಲಜಿಸ್ಟ್ (ಬಯಾಪ್ಸಿ ಓದುವ ಡಾಕ್ಟರು) ನೋಡಲಿ

ಪಿತ್ತಕೋಶದ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಅಡಿನೋಕಾರ್ಸಿನೋಮ, ಅಂದರೆ ಒಳಪದರದ ಗ್ರಂಥಿ ಕೋಶಗಳಿಂದ ಹುಟ್ಟಿದ್ದು. ಉಳಿದ ಪಾಲಿನಲ್ಲಿ ಬರುವ ಅಪರೂಪದವುಗಳಿಗೆ ಚಿಕಿತ್ಸೆ ಬೇರೆ ಬೇರೆ.

ನ್ಯೂರೋಎಂಡೋಕ್ರೈನ್ ಗಡ್ಡೆ ಹಾರ್ಮೋನ್ ಸ್ರವಿಸುವಂಥ ಕೋಶಗಳದ್ದು. ಇದರಲ್ಲಿ ನಿಧಾನ ಬೆಳೆಯುವ ಜಾತಿಯೂ ಇದೆ, ಬಹಳ ಬೇಗ ಹರಡುವ ಜಾತಿಯೂ ಇದೆ. ಎರಡನ್ನು ಬೇರೆ ಮಾಡಲು ಕೆಐ-67 ಎಂಬ ಸಂಖ್ಯೆ ಬೇಕು. ಕೋಶಗಳಲ್ಲಿ ಶೇಕಡಾ ಎಷ್ಟು ಒಡೆದು ಬೆಳೆಯುವ ಸ್ಥಿತಿಯಲ್ಲಿವೆ ಎನ್ನುವುದನ್ನು ಅದು ಹೇಳುತ್ತದೆ. ವೇಗದ ಜಾತಿಗೆ ಎಟೊಪೊಸೈಡ್ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಕೊಡುತ್ತಾರೆ, ಸಾಮಾನ್ಯ ಪಿತ್ತಕೋಶ ಕ್ಯಾನ್ಸರ್‌ನ ಔಷಧಿಯನ್ನಲ್ಲ. ಸ್ಕ್ವಾಮಸ್ ಮತ್ತು ಅಡಿನೋಸ್ಕ್ವಾಮಸ್ ಎನ್ನುವವು ಬೇಗ ಬೆಳೆದು ನೇರವಾಗಿ ಲಿವರ್‌ಗೆ ನುಗ್ಗುತ್ತವೆ. ಲಿಂಫೋಮ (ದುಗ್ಧಗ್ರಂಥಿಯಂಥ ಕೋಶಗಳ ಕ್ಯಾನ್ಸರ್) ಬಂದರೆ ಮುಖ್ಯ ಚಿಕಿತ್ಸೆ ಔಷಧಿಯೇ, ದೊಡ್ಡ ಆಪರೇಷನ್ ಬೇಕಾಗದಿರಬಹುದು. ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಎಂದು ಬಂದರೆ ಅದು ಬೇರೆ ಕಡೆಯಿಂದ ಬಂದು ಕೂತಿರುವ ಸಾಧ್ಯತೆಯೇ ಹೆಚ್ಚು, ಹಾಗಾಗಿ ಚರ್ಮ, ಕಣ್ಣು ಎಲ್ಲ ಪರೀಕ್ಷಿಸುತ್ತಾರೆ. ಸಾರ್ಕೋಮ (ಸ್ನಾಯು ಮುಂತಾದವುಗಳಿಂದ ಹುಟ್ಟುವ ಕ್ಯಾನ್ಸರ್) ಇನ್ನೂ ವಿರಳ. ಒಳಮುಖವಾಗಿ ಹೂಕೋಸಿನಂತೆ ಬೆಳೆಯುವ ಇಂಟ್ರಾಕೊಲೆಸಿಸ್ಟಿಕ್ ಪ್ಯಾಪಿಲ್ಲರಿ ಎಂಬ ಒಂದು ವಿಧ ಇದೆ. ನೋಡಲು ದೊಡ್ಡದಿದ್ದರೂ ಉಳಿದವುಗಳಿಗಿಂತ ಇದರ ಫಲಿತಾಂಶ ಚೆನ್ನಾಗಿರುತ್ತದೆ.

ಹೆಸರುಗಳು ಬಾಯಿಗೆ ಬಾರದಿದ್ದರೆ ಬೇಡ. "ಐ.ಎಚ್.ಸಿ. ಆಗಿದೆಯಾ? ಇನ್ನೊಬ್ಬರಿಗೆ ತೋರಿಸಬಹುದಾ?" ಎಂದು ಕೇಳಿದರೆ ಸಾಕು. ಐ.ಎಚ್.ಸಿ. ಅಂದರೆ ವಿಶೇಷ ಬಣ್ಣ ಹಾಕಿ ಕೋಶದ ಮೂಲ ಗುರುತಿಸುವ ಪರೀಕ್ಷೆ. ಅಪರೂಪದ ವಿಧದಲ್ಲಿ ಅದಿಲ್ಲದೆ ತೀರ್ಮಾನ ಆಗಬಾರದು. ಎರಡನೇ ಅಭಿಪ್ರಾಯಕ್ಕೆ ರಿಪೋರ್ಟ್‌ನ ಜೆರಾಕ್ಸ್ ಒಯ್ದರೆ ಪ್ರಯೋಜನ ಇಲ್ಲ. ಲ್ಯಾಬ್‌ನಲ್ಲಿ ಅರ್ಜಿ ಕೊಟ್ಟು ಸ್ಲೈಡ್ ಮತ್ತು ಬ್ಲಾಕ್ ಪಡೆಯಿರಿ. ಬ್ಲಾಕ್ ಅಂದರೆ ಅಂಗಾಂಶದ ತುಂಡನ್ನು ಮೇಣದಲ್ಲಿ ಹುದುಗಿಸಿದ ಪುಟ್ಟ ಚೌಕ. ಬಿಸಿಲಿಗೆ ಕರಗುತ್ತದೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಮಣಿಪಾಲದಲ್ಲೋ ಮುಂಬಯಿಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಮತ್ತೆ ಓದಿಸಬಹುದು.

7. ಆಪರೇಷನ್: ಒಂದೇ ಸಲಕ್ಕೆ ಮುಗಿಯುತ್ತದೆಯೇ?

ಇದನ್ನು ತೀರ್ಮಾನಿಸುವುದು ಗಡ್ಡೆ ಗೋಡೆಯಲ್ಲಿ ಎಷ್ಟು ಆಳ ಹೋಗಿದೆ ಎನ್ನುವುದು. ಒಳಪದರದಲ್ಲೇ ಇದ್ದರೆ ರಿಪೋರ್ಟ್‌ನಲ್ಲಿ ಟಿ1ಎ ಎಂದಿರುತ್ತದೆ. ನಾಳದ ತುದಿ ಶುದ್ಧವಾಗಿದ್ದರೆ ಆಗಿರುವ ಆಪರೇಷನ್ನೇ ಸಾಕು. ಸ್ನಾಯು ಪದರಕ್ಕೆ ಇಳಿದಿದ್ದರೆ ಟಿ1ಬಿ, ಅದನ್ನೂ ದಾಟಿದ್ದರೆ ಟಿ2, ಹೊರಪೊರೆ ಒಡೆದು ಲಿವರ್‌ಗೋ ಪಕ್ಕದ ಒಂದು ಅಂಗಕ್ಕೋ ತಾಗಿದ್ದರೆ ಟಿ3. ಟಿ1ಬಿಯಿಂದ ಮುಂದಕ್ಕೆ, ಬೇರೆ ಕಡೆ ಹರಡಿಲ್ಲದಿದ್ದರೆ, ಎರಡನೇ ಆಪರೇಷನ್ ಹೇಳುತ್ತಾರೆ. ಪಿತ್ತಕೋಶ ಅಂಟಿದ್ದ ಲಿವರ್‌ನ ಭಾಗ, ಸುತ್ತಲಿನ ಕನಿಷ್ಠ 6 ದುಗ್ಧಗ್ರಂಥಿಗಳನ್ನು ತೆಗೆಯುತ್ತಾರೆ. ನಾಳದ ತುದಿಯಲ್ಲಿ ಕಾಯಿಲೆ ಉಳಿದಿದ್ದರೆ ಪಿತ್ತನಾಳವನ್ನೂ ತೆಗೆಯಬೇಕಾಗಬಹುದು.

"ಚೀಲವೇ ಹೋಯಿತಲ್ಲ, ಮತ್ಯಾಕೆ ಲಿವರ್ ಕತ್ತರಿಸುವುದು?" ಎಂದು ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಕಾರಣ ಹೇಳಿ: ಲಿವರ್‌ಗೆ ಅಂಟಿರುವ ಬದಿಯಲ್ಲಿ ಪಿತ್ತಕೋಶಕ್ಕೆ ಹೊರಪೊರೆಯೇ ಇರುವುದಿಲ್ಲ. ಕೋಶಗಳು ಆಗಲೇ ದಾಟಿರಬಹುದು, ಕಣ್ಣಿಗೆ ಕಾಣುವುದಿಲ್ಲ. ತೆಗೆಯುವುದು ಲಿವರ್‌ನ ಸಣ್ಣ ಪಾಲು, ಉಳಿದದ್ದು ಕೆಲಸ ನಡೆಸುತ್ತದೆ.

ಮೊದಲ ಆಪರೇಷನ್ ಆಗಿ 4ರಿಂದ 8 ವಾರದೊಳಗೆ ಇದನ್ನು ಮಾಡುವುದು ಒಳ್ಳೆಯದೆಂದು ಹಲವು ಸರ್ಜನ್‌ಗಳ ಅಭಿಪ್ರಾಯ. ಅಂದರೆ ನಿಮ್ಮ ಕೈಯಲ್ಲಿ ಎರಡನೇ ಅಭಿಪ್ರಾಯಕ್ಕೆ ಸಮಯ ಇದೆ, ಆದರೆ ಮನೆಯ ಮದುವೆ, ನೇಮ, ತಂಬಿಲ ಎಲ್ಲ ಮುಗಿಯಲಿ ಎನ್ನುವಷ್ಟು ಇಲ್ಲ.

8. ಔಷಧಿ

ಅಡಿನೋಕಾರ್ಸಿನೋಮ ಪೂರ್ತಿ ತೆಗೆದ ಮೇಲೆ ಹೆಚ್ಚಾಗಿ ಕ್ಯಾಪೆಸಿಟಬಿನ್ ಮಾತ್ರೆಯನ್ನು 6 ತಿಂಗಳು ಕೊಡುತ್ತಾರೆ. ಮನೆಯಲ್ಲೇ ತೆಗೆದುಕೊಳ್ಳುವ ಮಾತ್ರೆ ಎಂದು ಹಗುರವಾಗಿ ನೋಡಬೇಡಿ. ಅಂಗೈ, ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳಬಹುದು. ಬೀಡಿ ಕಟ್ಟುವವರು, ಮೀನು ಕತ್ತರಿಸುವವರು, ಅಡಿಕೆ ಸುಲಿಯುವವರು ತಮ್ಮ ಕೆಲಸ ಏನೆಂದು ಮೊದಲೇ ಡಾಕ್ಟರಿಗೆ ಹೇಳಿ. ಉರಿ ಶುರುವಾದಾಗಲೇ ತಿಳಿಸಿದರೆ ಪ್ರಮಾಣ ಇಳಿಸುತ್ತಾರೆ. ತಡೆದುಕೊಂಡು ಕೂತರೆ ಮಾತ್ರೆಯೇ ನಿಲ್ಲಿಸಬೇಕಾಗುತ್ತದೆ.

ಹರಡಿದ ಕಾಯಿಲೆಗೆ ಜೆಮ್ಸಿಟಬಿನ್ ಮತ್ತು ಸಿಸ್‌ಪ್ಲಾಟಿನ್ ಜೋಡಿ 2010ರಿಂದ ಬಳಕೆಯಲ್ಲಿದೆ. ಆ ವರ್ಷ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಔಷಧಿ ಪಡೆದವರ ಸರಾಸರಿ ಆಯುಸ್ಸು 8.1 ತಿಂಗಳಿದ್ದರೆ, ಜೋಡಿ ಪಡೆದವರದ್ದು 11.7 ತಿಂಗಳು. ಸಂಖ್ಯೆ ಕಹಿಯಾಗಿದೆ, ಆದರೆ ಮುಚ್ಚಿಟ್ಟರೆ ಮನೆಯವರು ಜಾಗ ಅಡವಿಡುವ ತೀರ್ಮಾನವನ್ನು ಕತ್ತಲಲ್ಲಿ ಮಾಡಬೇಕಾಗುತ್ತದೆ ಎಂದು ಬರೆದಿದ್ದೇನೆ. ಈಚೆಗೆ ಇದಕ್ಕೆ ಡರ್ವಾಲುಮಾಬ್ ಅಥವಾ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿ ಕ್ಯಾನ್ಸರ್ ವಿರುದ್ಧ ಕೆಲಸ ಮಾಡುವಂತೆ ಮಾಡುವ ಔಷಧಿ, ಸೇರಿಸುತ್ತಾರೆ. ದುಬಾರಿ, ಸೇರುವ ಲಾಭ ಸಾಧಾರಣ. ಎಚ್.ಇ.ಆರ್.-2 ಪರೀಕ್ಷೆ (ಗಡ್ಡೆಯ ಕೋಶಗಳಲ್ಲಿ ಆ ಹೆಸರಿನ ಪ್ರೋಟೀನ್ ಹೆಚ್ಚಿದೆಯೇ ಎಂದು ನೋಡುವುದು) ಮಾಡಿಸಲು ಕೇಳಿ. ಅದು ಪಾಸಿಟಿವ್ ಬಂದವರಿಗೆ ಬೇರೆ ಔಷಧಿಯ ದಾರಿ ತೆರೆಯುತ್ತದೆ.

ಕೀಮೋ ನಡೆಯುವಾಗ 100.4 ಡಿಗ್ರಿ ಜ್ವರ ಬಂದರೆ ಪ್ಯಾರಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಸ್ಟೆಂಟ್ ಇದ್ದವರಿಗೆ ಚಳಿಜ್ವರ ಬಂದು ಕಣ್ಣು ಮತ್ತೆ ಹಳದಿಯಾದರೆ ಸ್ಟೆಂಟ್ ಕಟ್ಟಿಕೊಂಡಿದೆ ಎಂದೇ ಲೆಕ್ಕ. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು 3 ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಬದಲಿಸುವ ದಿನವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ನೋವಿದ್ದರೆ ಸಹಿಸಬೇಕಾಗಿಲ್ಲ. ಮಣಿಪಾಲದಲ್ಲಿ ಉಪಶಮನ ಚಿಕಿತ್ಸೆಗೆಂದೇ ವಿಭಾಗ ಇದೆ. ಅಲ್ಲಿಗೆ ಹೋಗುವುದೆಂದರೆ ಕೈಚೆಲ್ಲಿದಂತೆ ಎಂದು ಭಾವಿಸಬೇಡಿ, ಕೀಮೋ ಜೊತೆಜೊತೆಗೇ ಅದನ್ನೂ ಪಡೆಯಬಹುದು.

9. ಎಲ್ಲಿಗೆ ಹೋಗುವುದು, ದುಡ್ಡು ಹೇಗೆ

ಇಂಥ ಕಾಯಿಲೆ ನೋಡಬಲ್ಲ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಮಣಿಪಾಲ, ಮಂಗಳೂರು, ದೇರಳಕಟ್ಟೆಯಲ್ಲೇ ಇವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಇದೆ. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಪಡೆಯೋಣ ಎಂದುಕೊಂಡರೆ ಕೆಲಸ ಕೆಡುತ್ತದೆ. ಅಡ್ಮಿಟ್ ಆಗುವ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕೌಂಟರ್‌ಗೆ ಕಾಗದ ಕೊಡಿ. ಹೊಸ ಔಷಧಿಗಳೆಲ್ಲ ಇದರಲ್ಲಿ ಬರುವುದಿಲ್ಲ, ಮೊದಲೇ ವಿಚಾರಿಸಿ.

ಟಾಟಾ ಮೆಮೋರಿಯಲ್‌ಗೇ ಹೋಗಬೇಕೆನ್ನುವವರು ಬಹಳ. ಮತ್ಸ್ಯಗಂಧ ರೈಲು ಹತ್ತಿದರೆ ಮುಂಬಯಿ, ಅಲ್ಲಿ ಊರಿನವರು ಒಬ್ಬರಾದರೂ ಇರುತ್ತಾರೆ. ಅಪರೂಪದ ವಿಧವಾದರೆ ಒಮ್ಮೆ ಹೋಗಿ ಚಿಕಿತ್ಸೆಯ ಯೋಜನೆ ಬರೆಸಿಕೊಂಡು ಬರುವುದು ಒಳ್ಳೆಯದೇ. ಕೀಮೋವನ್ನು ಅದೇ ಯೋಜನೆಯಂತೆ ಇಲ್ಲೇ ಕೊಡಿಸಬಹುದು. ವಾಂತಿ ಮಾಡುವ ರೋಗಿಯನ್ನು ಪ್ರತಿ ಸಲ ರೈಲಿನಲ್ಲಿ ಕರೆದುಕೊಂಡು ಹೋಗುವ ಅಗತ್ಯ ಇಲ್ಲ, ಅಲ್ವಾ?

10. ಚಿಕಿತ್ಸೆ ಮುಗಿದ ಮೇಲೆ

ಮೊದಲ 2 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ 5 ವರ್ಷದವರೆಗೆ 6ರಿಂದ 12 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವುದು ಸಾಮಾನ್ಯ ರೂಢಿ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಹಾಗೆ ಮಾಡಿ. ಪಿತ್ತಕೋಶ ಇಲ್ಲದೆಯೂ ಊಟ ಜೀರ್ಣವಾಗುತ್ತದೆ. ಕುಚ್ಚಲಕ್ಕಿ ಗಂಜಿ, ಮೀನು ಸಾರು ಎಲ್ಲ ನಡೆಯುತ್ತದೆ. ಕರಿದದ್ದು, ತೆಂಗಿನ ಹಾಲಿನ ಗಟ್ಟಿ ಪದಾರ್ಥ ಮಾತ್ರ ಮೊದಲ ಕೆಲವು ವಾರ ಕಡಿಮೆ ಇರಲಿ.

ಲ್ಯಾಪರೋಸ್ಕೋಪಿ, ಅಂದರೆ ತೂತು ಮಾಡಿ ಮಾಡುವ ಆಪರೇಷನ್ ಆದವರು ಸ್ನಾನ ಮಾಡುವಾಗ ಹೊಕ್ಕುಳ ಮತ್ತು ಪಕ್ಕೆಯ ಕೆಳಗಿನ ಸಣ್ಣ ಗಾಯದ ಕಲೆಗಳನ್ನು ಕೈಯಲ್ಲಿ ಸವರಿ ನೋಡಿ. ಅಲ್ಲಿ ಕಾಯಿಲೆ ಮರಳಿರಬಹುದು, ಹಾಗಾಗಿ ಗಟ್ಟಿ ಗಂಟು ಸಿಕ್ಕಿದರೆ ಹೊಲಿಗೆಯ ಗಂಟಿರಬೇಕು ಎಂದು ಬಿಡದೆ, ಮುಂದಿನ ಸ್ಕ್ಯಾನ್‌ನ ದಿನಕ್ಕೆ ಕಾಯದೆ, ಆ ವಾರವೇ ಸರ್ಜನ್‌ಗೆ ತೋರಿಸಿ.